ಸೂರ್ಯನ ದಿನಚರಿ: ಬರೆದವರು, ಕಾಪಿಟ್ಟವರು, ಹಂಚಿದವರು

ಕಳೆದ ಏಳು ದಿನಗಳಲ್ಲಿ ಸೂರ್ಯನ ಮೇಲೆ ಎಷ್ಟು ಜ್ವಾಲೆಗಳು ಎದ್ದವು, ಯಾವ ಗಳಿಗೆಯಲ್ಲಿ ಎದ್ದವು, ಅವುಗಳ ಪ್ರಖರತೆ ಎಷ್ಟಿತ್ತು ಎಂಬುದನ್ನು ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ಮನೆಯ ಗಣಕದ ಮುಂದೆ ಕುಳಿತು ಕೆಲವೇ ನಿಮಿಷಗಳಲ್ಲಿ ತಿಳಿದುಕೊಳ್ಳಬಹುದು. ಹೊರಗೆ ಮೋಡ ಕವಿದಿರಲಿ, ನಡುರಾತ್ರಿಯಾಗಿರಲಿ, ಅದರಿಂದ ಅಡ್ಡಿಯಿಲ್ಲ. ಇದಕ್ಕೆ ಬೇಕಾದ ತಂತ್ರಾಂಶ ಪುಕ್ಕಟೆಯಾಗಿ ದೊರೆಯುತ್ತದೆ. 'ಸನ್‌ಪೈ' ಎಂದು ಅದರ ಹೆಸರು. 'ಪೈಥಾನ್' ಎಂಬ ಗಣಕಭಾಷೆಯಲ್ಲಿ ಬರೆದದ್ದು. ಯಾವ ದಿನದಿಂದ ಯಾವ ದಿನದವರೆಗೆ, ಯಾವ ಉಪಕರಣದ ಅಳತೆ ಬೇಕು ಎಂದು ಕೇಳಿದರೆ, ಅದು ಲೋಕದ ಬೇರೆ ಬೇರೆ ಭಂಡಾರಗಳನ್ನು ಹುಡುಕಿ ದತ್ತಾಂಶವನ್ನು ತಂದು ನಮ್ಮ ಮುಂದಿಡುತ್ತದೆ.

ತಂತ್ರಾಂಶ ಬರೆಯುವುದು ನನ್ನ ವಿದ್ಯೆಯಲ್ಲ. ಅದು ನಿಮ್ಮಲ್ಲಿ ಅನೇಕರ ವೃತ್ತಿ. ಆ ವಿಚಾರದಲ್ಲಿ ನೀವು ಗುರುಗಳು, ನಾನು ವಿದ್ಯಾರ್ಥಿ. ಆದರೆ ಆ ತಂತ್ರಾಂಶ ತಂದುಕೊಡುವ ಒಂದೊಂದು ಅಂಕಿಯ ಹಿಂದೆಯೂ ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಕಥೆಯಿದೆ. ಯಾರೋ ಕಣ್ಣಿಟ್ಟು ನೋಡಿದರು. ಇನ್ನಾರೋ ಬರೆದು ಕಾಪಿಟ್ಟರು. ಮತ್ತಾರೋ ಅದನ್ನು ತಮ್ಮ ಪೆಟ್ಟಿಗೆಯಲ್ಲಿ ಬೀಗ ಹಾಕಿಡದೆ ಎಲ್ಲರಿಗೂ ಹಂಚಿದರು. ಈ ಮೂರು ಕೆಲಸಗಳಲ್ಲಿ ಒಂದು ತಪ್ಪಿದ್ದರೂ ಇಂದಿನ ಆ ಸುಲಭ ನಮಗೆ ದೊರೆಯುತ್ತಿರಲಿಲ್ಲ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಆ ಕಥೆಯನ್ನು.

ಮೂರು ಬಗೆಯ ಟಪಾಲು

ಮೊದಲಿಗೆ ಸೌರಜ್ವಾಲೆ ಎಂದರೇನು ಎಂಬುದನ್ನು ಸಂಕ್ಷೇಪವಾಗಿ ನೆನಪಿಸಿಕೊಳ್ಳೋಣ. ಸೂರ್ಯನ ಮೇಲೆ ಕಲೆಗಳಿರುವ ಕಡೆ ಕಾಂತಕ್ಷೇತ್ರ ಪ್ರಬಲವಾಗಿರುತ್ತದೆ. ಅಲ್ಲಿ ಬಲರೇಖೆಗಳು ಹಗ್ಗದಂತೆ ಹೊಸೆದುಕೊಂಡು ಶಕ್ತಿ ಕೂಡಿಬರುತ್ತದೆ. ಆ ರೇಖೆಗಳು ಒಮ್ಮೆಲೇ ಕಡಿದು ಬೇರೊಂದು ವಿನ್ಯಾಸದಲ್ಲಿ ಕೂಡಿಕೊಂಡಾಗ ಆ ಶಕ್ತಿ ಕೆಲವೇ ನಿಮಿಷಗಳಲ್ಲಿ ಬಿಡುಗಡೆಯಾಗುತ್ತದೆ. ಇದೇ ಸೌರಜ್ವಾಲೆ. ಜ್ವಾಲೆ ಎಂಬ ಹೆಸರಿದ್ದರೂ ಅಲ್ಲಿ ಒಲೆಯ ಬೆಂಕಿಯಂತೆ ಉರಿಯುವುದು ಏನೂ ಇಲ್ಲ.

ಅಲ್ಲಿ ನಡೆದದ್ದು ಇಲ್ಲಿಗೆ ತಲಪುವ ಬಗೆಯನ್ನು ನಾನು ತರಗತಿಯಲ್ಲಿ ಅಂಚೆಯ ಉದಾಹರಣೆ ಕೊಟ್ಟು ಹೇಳುತ್ತಿದ್ದೆ. ಮೊದಲನೆಯದು ತಂತಿ: ಬೆಳಕು ಮತ್ತು ಕ್ಷಕಿರಣ. ಇವು ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಗೆ ಬರುತ್ತವೆ. ಎರಡನೆಯದು ತುರ್ತು ಅಂಚೆ: ಅತಿವೇಗದ ಪ್ರೋಟಾನ್ ಮುಂತಾದ ಕಣಗಳು. ಇವಕ್ಕೆ ಹಲವು ಹತ್ತು ನಿಮಿಷಗಳಿಂದ ಕೆಲವು ಗಂಟೆಗಳವರೆಗೆ ಬೇಕು. ಮೂರನೆಯದು ಸಾಮಾನ್ಯ ಟಪಾಲು: ದೊಡ್ಡ ಜ್ವಾಲೆಗಳೊಡನೆ ಸೂರ್ಯ ಹೊರಕ್ಕೆ ಎಸೆಯುವ ಅನಿಲದ ಮಹಾಮೋಡ. ಅದು ಸಾಧಾರಣವಾಗಿ ಒಂದರಿಂದ ಮೂರು ದಿನಗಳಲ್ಲಿ ಇಲ್ಲಿಗೆ ತಲಪಿ ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಾಡಿಸುತ್ತದೆ. 1989ರ ಮಾರ್ಚ್ 13ರಂದು ಇಂಥ ಕಾಂತ ಚಂಡಮಾರುತದಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ವಿದ್ಯುತ್ ಜಾಲ ಕುಸಿದು, ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳಷ್ಟು ಕಾಲ ಕತ್ತಲೆಯಲ್ಲಿ ಕಳೆದರು. ತಂತಿ ಬಂದೊಡನೆ ಓದಿಕೊಂಡವನಿಗೆ ಟಪಾಲು ಬರುವ ಮುನ್ನ ಸಿದ್ಧನಾಗಲು ಸ್ವಲ್ಪ ಸಮಯ ಸಿಗುತ್ತದೆ. ಜ್ವಾಲೆಯ ದತ್ತಾಂಶ ಬೇಗ ದೊರೆಯಬೇಕು ಎಂಬುದಕ್ಕೆ ಇದೇ ಮುಖ್ಯ ಕಾರಣ.

ರೆಡ್‌ಹಿಲ್‌ನ ಮುಂಜಾನೆ, ಕೊಲಾಬಾದ ಹೊತ್ತಗೆ

1859ರ ಸೆಪ್ಟೆಂಬರ್ 1. ಇಂಗ್ಲೆಂಡಿನ ಸರ್ರೆ ಸೀಮೆಯ ರೆಡ್‌ಹಿಲ್‌ನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ 33 ವರ್ಷದ ಖಗೋಳಜ್ಞ ತನ್ನ ಸ್ವಂತ ವೀಕ್ಷಣಾಲಯದಲ್ಲಿ ಎಂದಿನಂತೆ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದ. ದೂರದರ್ಶಕದಿಂದ ಹೊರಬಂದ ಬಿಂಬವನ್ನು ಫಲಕದ ಮೇಲೆ ಸುಮಾರು 11 ಅಂಗುಲ ವ್ಯಾಸಕ್ಕೆ ಮೂಡಿಸಿ, ಕಲೆಗಳ ಸ್ಥಾನವನ್ನು ಗುರುತಿಸುವುದು ಅವನ ನಿತ್ಯದ ಕೆಲಸ. ನಮ್ಮ ಶಾಲೆಯ ಅಂಗಳದಲ್ಲಿ ಪುಟ್ಟ ದೂರದರ್ಶಕದ ಹಿಂದೆ ಬಿಳಿಯ ಹಾಳೆ ಹಿಡಿದು, ಛತ್ರಿಯ ನೆರಳಿನಲ್ಲಿ ನೀವೆಲ್ಲ ಪೆನ್ಸಿಲಿನಿಂದ ಕಲೆಗಳನ್ನು ಗುರುತಿಸಿದ್ದು ಇದೇ ಕ್ರಮದಲ್ಲಿ. ಸೂರ್ಯನನ್ನು ದೂರದರ್ಶಕದಲ್ಲಿ ನೇರವಾಗಿ ನೋಡಬಾರದೆಂದು ನಾನು ಅಂದು ಹತ್ತು ಸಲ ಹೇಳಿದ್ದನ್ನು ಈಗ ಹನ್ನೊಂದನೆಯ ಸಲ ಹೇಳುತ್ತಿದ್ದೇನೆ. ನಿಮ್ಮ ಮಕ್ಕಳಿಗೂ ಹೇಳಿ.

ಬೆಳಿಗ್ಗೆ 11 ಗಂಟೆ 18 ನಿಮಿಷಕ್ಕೆ ದೊಡ್ಡದೊಂದು ಕಲೆಗಳ ಗುಂಪಿನ ಮೇಲೆ ಕಣ್ಣು ಕೋರೈಸುವ ಎರಡು ಬೆಳ್ಳನೆಯ ತೇಪೆಗಳು ಕಾಣಿಸಿಕೊಂಡವು. ಎಲ್ಲಿಂದಲೋ ಬಿಸಿಲು ನುಸುಳಿರಬೇಕೆಂದು ಅವನಿಗೆ ಮೊದಲು ಅನುಮಾನ. ಹಾಗಲ್ಲವೆಂದು ಖಚಿತವಾದೊಡನೆ ಸಾಕ್ಷಿಗೆ ಯಾರನ್ನಾದರೂ ಕರೆತರಲು ಓಡಿದ. ಒಂದು ನಿಮಿಷದೊಳಗೆ ಹಿಂದಿರುಗಿ ನೋಡಿದಾಗ ಬೆಳಕು ಆಗಲೇ ಬಹಳ ಕುಗ್ಗಿತ್ತು. 11 ಗಂಟೆ 23 ನಿಮಿಷಕ್ಕೆಲ್ಲ ಅದು ಕಾಣದಾಯಿತು. ಐದು ನಿಮಿಷದ ಘಟನೆ!

ಒಬ್ಬನೇ ಕಂಡದ್ದು ಸಾಕ್ಷ್ಯವಾಗದು. ಅದೃಷ್ಟವಶಾತ್ ಅದೇ ಹೊತ್ತಿನಲ್ಲಿ ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬ ವೀಕ್ಷಕನೂ ಲಂಡನ್ನಿನ ಹೈಗೇಟ್‌ನಲ್ಲಿ ಅದನ್ನು ಕಂಡು ಬರೆದಿಟ್ಟಿದ್ದ. ಲಂಡನ್ನಿನ ಕ್ಯೂ ವೀಕ್ಷಣಾಲಯದಲ್ಲಿ ಭೂಮಿಯ ಕಾಂತಕ್ಷೇತ್ರವನ್ನು ಛಾಯಾಚಿತ್ರದ ಕಾಗದದ ಮೇಲೆ ತಾನೇ ದಾಖಲಿಸುವ ಉಪಕರಣವಿತ್ತು. ಆ ಕಾಗದವನ್ನು ತೆಗೆದು ನೋಡಿದರೆ ಅದೇ ನಿಮಿಷದಲ್ಲಿ ರೇಖೆಯು ಕೊಕ್ಕೆಯಂತೆ ಬಾಗಿತ್ತು. ಸುಮಾರು ಹದಿನೇಳು ಗಂಟೆಗಳ ತರುವಾಯ ಮಹಾ ಕಾಂತ ಚಂಡಮಾರುತ ಎದ್ದಿತು. ಧ್ರುವಪ್ರಭೆ ಉಷ್ಣವಲಯದ ಅಂಚಿನವರೆಗೂ ಕಂಡಿತು. ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ನಡುವಿನ ತಂತಿ ನೌಕರರು ಬ್ಯಾಟರಿಗಳನ್ನು ಕಳಚಿಟ್ಟು, ಆಕಾಶದಿಂದಲೇ ಒದಗಿದ ವಿದ್ಯುತ್ತಿನಿಂದ ಸಂದೇಶಗಳನ್ನು ಕಳುಹಿಸಿದರು. ಕ್ಯಾರಿಂಗ್ಟನ್ ಮಾತ್ರ ಆ ಎರಡು ಘಟನೆಗಳಿಗೆ ಆತುರದಲ್ಲಿ ಗಂಟುಹಾಕಲು ಒಪ್ಪಲಿಲ್ಲ. ಒಂದೇ ಪ್ರಸಂಗದಿಂದ ನಿಯಮ ಹೇಳಬಾರದೆಂಬ ಎಚ್ಚರ ಅವನದು.

ಈ ಕಥೆಗೆ ನಮ್ಮ ದೇಶದ ಒಂದು ಅಧ್ಯಾಯವೂ ಉಂಟು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಆಗ ಕಾಂತಮಾಪಕದ ಅಳತೆಯನ್ನು ಕಣ್ಣಿನಿಂದ ಓದಿ ಕೈಯಿಂದ ಬರೆಯುವ ಪದ್ಧತಿಯಿತ್ತು. ಸಾಮಾನ್ಯ ದಿನಗಳಲ್ಲಿ ಗಂಟೆಗೊಮ್ಮೆ; ಸೂಜಿ ಚಂಚಲವಾದಾಗ ಇನ್ನೂ ಹೆಚ್ಚು ಸಲ. 1859ರ ಸೆಪ್ಟೆಂಬರ್ 2ರಂದು ಅಲ್ಲಿ ಭೂಕಾಂತಕ್ಷೇತ್ರದ ಅಡ್ಡ ಘಟಕ ಸುಮಾರು 1,600 ನ್ಯಾನೋಟೆಸ್ಲಾದಷ್ಟು ಕುಸಿಯಿತು. ಯೂರೋಪಿನ ಹಲವು ಉಪಕರಣಗಳಲ್ಲಿ ಅಂದು ರೇಖೆ ಕಾಗದದ ಅಂಚನ್ನು ದಾಟಿ ಮಾಯವಾಗಿತ್ತು. ಕೊಲಾಬಾದ ಲೆಕ್ಕ ಮಾತ್ರ ಉಳಿಯಿತು. ಆ ಹೊತ್ತಗೆ ದಶಕಗಳ ಕಾಲ ಕಪಾಟಿನಲ್ಲಿತ್ತು. 2003ರಲ್ಲಿ ಬ್ರೂಸ್ ತ್ಸುರುತಾನಿ, ಭಾರತೀಯ ಭೂಕಾಂತತ್ವ ಸಂಸ್ಥೆಯ ಗುರ್ಬಕ್ಷ್ ಲಖೀನಾ ಮತ್ತು ಸಂಗಡಿಗರು ಅದನ್ನು ಹೊರತೆಗೆದು, ಆ ಚಂಡಮಾರುತದ ತೀವ್ರತೆಯನ್ನು ಲೆಕ್ಕಹಾಕಿ ಪ್ರಕಟಿಸಿದರು. 144 ವರ್ಷಗಳ ಹಿಂದೆ ರಾತ್ರಿಹಗಲೆನ್ನದೆ ಸೂಜಿಯನ್ನು ಓದಿ ಬರೆದವರಿಗೆ ತಮ್ಮ ಬರಹ ಎಂದು, ಯಾರಿಗೆ ಒದಗೀತೆಂಬ ಕಲ್ಪನೆಯೂ ಇದ್ದಿರಲಾರದು. ಆದರೂ ಅವರು ಬರೆದರು, ನೀಟಾಗಿ ಬರೆದರು. ನಾನು ಇಡೀ ವೃತ್ತಿಜೀವನದಲ್ಲಿ ಹಾಜರಿ ಪುಸ್ತಕ ತುಂಬಿಸಿದವನು. ಪ್ರಯೋಜನ ತಕ್ಷಣ ಕಾಣದ ದಾಖಲೆಯನ್ನು ನಿಷ್ಠೆಯಿಂದ ಬರೆಯುವುದು ಎಷ್ಟು ಬೇಸರದ ಕೆಲಸವೆಂಬುದನ್ನು ಬಲ್ಲೆ. ಅದಕ್ಕೇ ಕೊಲಾಬಾದವರ ಮೇಲೆ ನನಗೆ ವಿಶೇಷ ಗೌರವ.

ಸರದಿ ಪಹರೆ

ಕ್ಯಾರಿಂಗ್ಟನ್ ಕಂಡಂತೆ ಬರಿಯ ಬಿಳಿಬೆಳಕಿನಲ್ಲಿ ಕಾಣಿಸುವ ಜ್ವಾಲೆ ಅಪರೂಪ. ಜಲಜನಕದ ಕೆಂಪು ಬೆಳಕೊಂದನ್ನೇ ಬೇರ್ಪಡಿಸಿ ನೋಡಿದರೆ ಜ್ವಾಲೆಗಳು ಹೇರಳವಾಗಿ ಕಾಣುತ್ತವೆ. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಜಾರ್ಜ್ ಎಲರಿ ಹೇಲ್ 1920ರ ದಶಕದಲ್ಲಿ ಇದಕ್ಕೆಂದೇ ಒಂದು ಉಪಕರಣವನ್ನು ರೂಪಿಸಿದ. ಒಂದೇ ಊರಿನಲ್ಲಿ ಅದನ್ನು ಇಟ್ಟು ಫಲವಿಲ್ಲ. ಅಲ್ಲಿ ರಾತ್ರಿಯಾದರೆ ಸೂರ್ಯನನ್ನು ಕಾಯುವವರಾರು? ಆದಕಾರಣ ಅಂಥ ಉಪಕರಣಗಳನ್ನು ಬೇರೆ ಬೇರೆ ರೇಖಾಂಶಗಳ ವೀಕ್ಷಣಾಲಯಗಳಲ್ಲಿ ಇಡುವ ಏರ್ಪಾಟಾಯಿತು. ತೋಟ ಕಾಯುವವರು ಸರದಿ ಹಂಚಿಕೊಂಡಂತೆ, ಒಂದು ದೇಶದಲ್ಲಿ ಸಂಜೆಯಾದಾಗ ಇನ್ನೊಂದು ದೇಶದಲ್ಲಿ ಪಹರೆ ಆರಂಭವಾಗುತ್ತಿತ್ತು.

ಏಷ್ಯಾದ ಸರದಿಯನ್ನು ಹೊತ್ತವರಲ್ಲಿ ನಮ್ಮ ಕೊಡೈಕನಾಲ್ ಪ್ರಮುಖ. 1899ರಲ್ಲಿ ಸ್ಥಾಪನೆಯಾದ ಆ ವೀಕ್ಷಣಾಲಯದಲ್ಲಿ 20ನೆಯ ಶತಮಾನದ ಮೊದಲ ದಶಕದಿಂದಲೇ ಸೂರ್ಯನ ನಿತ್ಯ ಛಾಯಾಚಿತ್ರಗಳನ್ನು ತೆಗೆಯುವ ಪರಿಪಾಠವಿತ್ತು. ಜಾನ್ ಎವರ್‌ಶೆಡ್ ಸೂರ್ಯಕಲೆಗಳಲ್ಲಿ ಅನಿಲದ ಹೊರಹರಿವನ್ನು ಕಂಡುಹಿಡಿದದ್ದು ಅಲ್ಲಿಯೇ, 1909ರಲ್ಲಿ. 1930ರ ದಶಕದಲ್ಲಿ ಹೇಲ್‌ನ ಉಪಕರಣವೂ ಅಲ್ಲಿಗೆ ಬಂದಿತು. ಇಂದು ಆ ವೀಕ್ಷಣಾಲಯ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಶತಮಾನದ ಆ ಗಾಜಿನ ಫಲಕಗಳನ್ನೂ ಫಿಲ್ಮುಗಳನ್ನೂ ಸಂಸ್ಥೆಯವರು ಅಂಕೀಕರಿಸಿ ಅಂತರಜಾಲದಲ್ಲಿ ಲಭ್ಯವಾಗಿಸಿದ್ದಾರೆ. ಪಳನಿ ಬೆಟ್ಟದ ಮೇಲೆ ಎಂದೋ ಸೆರೆಹಿಡಿದ ಸೂರ್ಯನನ್ನು ನಿಮ್ಮ ಮನೆಯಲ್ಲಿ ಕುಳಿತು ನೋಡಬಹುದು.

ಈ ಪಹರೆಗೆ ಇನ್ನೊಂದು ಪ್ರಚೋದನೆ ದೊರೆತದ್ದು ರೇಡಿಯೋದಿಂದ. ಹಾಯಾಗಿ ಕೇಳುತ್ತಿದ್ದ ಶಾರ್ಟ್‌ವೇವ್ ಕೇಂದ್ರ ಹಗಲು ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಅಡಗಿ, ಅರ್ಧ ಗಂಟೆಯ ಮೇಲೆ ಮೆಲ್ಲನೆ ಮರಳುವುದನ್ನು ನಮ್ಮ ತಲೆಮಾರಿನವರು ಅನುಭವಿಸಿದ್ದೇವೆ. ಇಂಥ ಮೌನಗಳಿಗೂ ಸೌರಜ್ವಾಲೆಗೂ ನಂಟಿದೆಯೆಂದು 1930ರ ದಶಕದಲ್ಲಿ ಜರ್ಮನಿಯ ಮೋಗೆಲ್, ಅಮೆರಿಕದ ಡೆಲಿಂಜರ್ ತೋರಿಸಿಕೊಟ್ಟರು. ಜ್ವಾಲೆಯ ಕ್ಷಕಿರಣಗಳು ಭೂಮಿಯ ಹಗಲಿನ ಭಾಗದ ಅಯಾನುಗೋಲದ ಕೆಳಪದರವನ್ನು ದಟ್ಟವಾಗಿಸುತ್ತವೆ. ಆಗ ಆ ಪದರ ರೇಡಿಯೋ ಅಲೆಗಳನ್ನು ಹೀರಿಬಿಡುತ್ತದೆ. ಹಡಗು, ವಿಮಾನ, ಸೇನೆ ಎಲ್ಲಕ್ಕೂ ಶಾರ್ಟ್‌ವೇವೇ ಆಧಾರವಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಹೀಗಾಗಿ ಸೂರ್ಯನ ವರ್ತಮಾನ ಒಂದು ದೇಶದಿಂದ ಇನ್ನೊಂದಕ್ಕೆ ಬೇಗ ತಲಪಬೇಕಾಯಿತು. ಅಂತರರಾಷ್ಟ್ರೀಯ ರೇಡಿಯೋ ವಿಜ್ಞಾನ ಒಕ್ಕೂಟದವರು 'ಅರ್ಸಿಗ್ರಾಮ್' ಎಂಬ ಸಂಕೇತ ಸಂದೇಶಗಳನ್ನು ಬಳಕೆಗೆ ತಂದರು. ವೀಕ್ಷಣೆಯನ್ನು ಐದೈದು ಅಂಕಿಗಳ ಗುಂಪುಗಳಾಗಿ ಬರೆದು ರೇಡಿಯೋ ಮೂಲಕ, ಮುಂದೆ ಟೆಲೆಕ್ಸ್ ಮೂಲಕ ಕಳುಹಿಸುತ್ತಿದ್ದರು. ಯಾವ ಗುಂಪಿನ ಯಾವ ಅಂಕಿ ಏನನ್ನು ಹೇಳುತ್ತದೆ ಎಂಬುದು ಮೊದಲೇ ನಿಗದಿಯಾಗಿತ್ತು. ಫ್ರೆಂಚ್ ಬಾರದ ಜಪಾನೀಯನೂ ಜಪಾನೀ ಬಾರದ ಭಾರತೀಯನೂ ಅದನ್ನು ಒಂದೇ ಅರ್ಥದಲ್ಲಿ ಓದಬಲ್ಲವರಾಗಿದ್ದರು. ಗಣಕದಿಂದ ಗಣಕಕ್ಕೆ ಇಂತಿಂಥ ರೂಪದಲ್ಲಿ ದತ್ತಾಂಶ ಕಳುಹಿಸಬೇಕು ಎಂದು ನೀವು ಇಂದು ಮಾಡಿಕೊಳ್ಳುವ ಒಪ್ಪಂದಗಳ ಮುತ್ತಜ್ಜ ಇದು ಎಂದರೆ ತಪ್ಪಾಗಲಾರದು.

ಶೀತಲ ಸಮರದ ನಡುವೆ ತೆರೆದ ಬಾಗಿಲು

1957ರ ಜುಲೈನಿಂದ 1958ರ ಡಿಸೆಂಬರ್‌ವರೆಗೆ ಅಂತರರಾಷ್ಟ್ರೀಯ ಭೂಭೌತ ವರ್ಷವನ್ನು ಆಚರಿಸಿದರು. ಹೆಸರಿಗೆ ವರ್ಷವಾದರೂ ಹದಿನೆಂಟು ತಿಂಗಳ ಕಾರ್ಯಕ್ರಮ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಪರಸ್ಪರ ಅಣ್ವಸ್ತ್ರ ತಿರುಗಿಸಿಟ್ಟು ನಿಂತಿದ್ದ ದಿನಗಳವು. ಆದರೂ ಸೂರ್ಯ, ಸಾಗರ, ವಾಯುಮಂಡಲ ಕುರಿತ ಅಳತೆಗಳನ್ನು ಎಲ್ಲರೂ ಎಲ್ಲರಿಗೂ ಕೊಡತಕ್ಕದ್ದು ಎಂದು ಒಪ್ಪಂದವಾಯಿತು. ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಪ್ರತಿ ಉಳಿಯಬೇಕೆಂದು ವಿಶ್ವ ದತ್ತಾಂಶ ಕೇಂದ್ರಗಳನ್ನು ಮೂರು ಕಡೆ ತೆರೆದರು: 'ಎ' ಅಮೆರಿಕದಲ್ಲಿ, 'ಬಿ' ಸೋವಿಯತ್ ಒಕ್ಕೂಟದಲ್ಲಿ, 'ಸಿ' ಪಶ್ಚಿಮ ಯೂರೋಪು ಮತ್ತು ಜಪಾನಿನಲ್ಲಿ. ಅಮೆರಿಕದ ಬೋಲ್ಡರ್ ನಗರದಿಂದ 1955ರಿಂದ 2009ರವರೆಗೆ ತಿಂಗಳು ತಿಂಗಳೂ ಹೊರಬಂದ 'ಸೋಲಾರ್ ಜಿಯೋಫಿಸಿಕಲ್ ಡೇಟಾ' ಎಂಬ ಪತ್ರಿಕೆ ಜ್ವಾಲೆಗಳ ಪಟ್ಟಿಯನ್ನು ಲೋಕದ ಗ್ರಂಥಾಲಯಗಳಿಗೆ ತಲಪಿಸುತ್ತಿತ್ತು.

ಇಂಥ ದತ್ತಾಂಶ ಸಕಾಲದಲ್ಲಿ ಕೈಯಲ್ಲಿದ್ದುದರ ಬೆಲೆ ಏನೆಂಬುದಕ್ಕೆ 1967ರ ಮೇ 23ರ ಪ್ರಸಂಗವನ್ನು ನೋಡಿರಿ. ಕ್ಷಿಪಣಿಗಳ ಮುನ್ಸೂಚನೆಗಾಗಿ ಅಮೆರಿಕ ಅಲಾಸ್ಕಾ, ಗ್ರೀನ್‌ಲ್ಯಾಂಡ್ ಮತ್ತು ಇಂಗ್ಲೆಂಡಿನಲ್ಲಿ ಇಟ್ಟಿದ್ದ ಮೂರು ರಾಡಾರ್ ಕೇಂದ್ರಗಳೂ ಅಂದು ಒಟ್ಟಿಗೇ ಕುರುಡಾದವು. ಬೇಕೆಂದೇ ರಾಡಾರನ್ನು ಕೆಡಿಸುವುದು ಯುದ್ಧಕೃತ್ಯವೆಂದೇ ಆಗಿನ ಭಾವನೆ. ಸೋವಿಯತ್ತರ ಕೈವಾಡವೆಂದು ಬಗೆದ ಸೇನಾಧಿಕಾರಿಗಳು ವಿಮಾನಗಳನ್ನು ಸನ್ನದ್ಧಗೊಳಿಸಲು ತೊಡಗಿದ್ದರು. ಆದರೆ ಕೆಲವೇ ವರ್ಷಗಳ ಹಿಂದೆ ಅಮೆರಿಕದ ವಾಯುಸೇನೆ ಸೌರ ಮುನ್ಸೂಚನೆಯ ಒಂದು ಚಿಕ್ಕ ತಂಡವನ್ನು ಕಟ್ಟಿತ್ತು. ಸೂರ್ಯನ ಮೇಲೆ ಭಾರಿ ಜ್ವಾಲೆ ಎದ್ದಿದೆ, ಮೂರು ಕೇಂದ್ರಗಳೂ ಬಿಸಿಲಿನಲ್ಲಿವೆ, ರೇಡಿಯೋ ಗದ್ದಲ ಸೂರ್ಯನದೇ ಎಂದು ಆ ತಂಡದವರು ಸಕಾಲದಲ್ಲಿ ಮೇಲಧಿಕಾರಿಗಳಿಗೆ ತಿಳಿಸಿದರು. ಅನರ್ಥ ತಪ್ಪಿತು. ಈ ಸಂಗತಿ ವಿವರವಾಗಿ ಬೆಳಕಿಗೆ ಬಂದದ್ದು 2016ರಲ್ಲಿ, ಸಂಶೋಧನ ಲೇಖನವೊಂದರ ಮೂಲಕ. ಜ್ವಾಲೆಯ ಪಟ್ಟಿ ಪಂಡಿತರ ವಿನೋದಕ್ಕೆ ಮಾತ್ರ ಎಂದು ಯಾರಾದರೂ ಅಂದರೆ ಇದೊಂದು ಉದಾಹರಣೆ ಸಾಕು.

ಮೋಡದ ಮೇಲಿನ ಕಣ್ಣು

ಕ್ಷಕಿರಣಗಳನ್ನು ವಾಯುಮಂಡಲ ತಡೆಯುತ್ತದೆ. ನಮ್ಮ ಪ್ರಾಣಕ್ಕೆ ಅದು ಒಳ್ಳೆಯದು, ಅಳತೆಗೆ ತೊಡಕು. ಆದುದರಿಂದ ಉಪಕರಣವನ್ನೇ ಮೇಲಕ್ಕೆ ಕಳುಹಿಸಬೇಕಾಯಿತು. 1960ರ ಜೂನ್‌ನಲ್ಲಿ ಹಾರಿದ ಅಮೆರಿಕದ 'ಸೋಲ್ರಾಡ್ 1' ಉಪಗ್ರಹ ಸೂರ್ಯನ ಕ್ಷಕಿರಣಗಳನ್ನು ಅಳೆಯಿತು. ಆದರೆ ನೆಲದ ಕೇಂದ್ರದ ಮೇಲೆ ಹಾದುಹೋಗುವಾಗ ಮಾತ್ರ ಅದರ ಮಾತು ಕೇಳುತ್ತಿತ್ತು. 1970ರ ದಶಕದ ನಡುವಿನಿಂದ 'ಗೋಸ್' ಸರಣಿಯ ಹವಾ ಉಪಗ್ರಹಗಳಲ್ಲಿ ಕ್ಷಕಿರಣಮಾಪಕವನ್ನು ಇರಿಸಿದರು. ಮೊದಲ ಗೋಸ್ 1975ರ ಅಕ್ಟೋಬರ್‌ನಲ್ಲಿ ಹಾರಿತು. ಇವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುವುದರಿಂದ, ಗ್ರಹಣದ ಅಲ್ಪಕಾಲ ಬಿಟ್ಟರೆ ಸೂರ್ಯನ ಮೇಲಿನ ದೃಷ್ಟಿ ತಪ್ಪುವುದಿಲ್ಲ. ಸರದಿ ಪಹರೆಯ ಬಹುಪಾಲು ಹೊರೆ ಹೀಗೆ ಇಳಿಯಿತು.

ಜ್ವಾಲೆಗಳಿಗೆ ಎ, ಬಿ, ಸಿ, ಎಂ, ಎಕ್ಸ್ ಎಂದು ಅಂತಸ್ತು ಕೊಡುವ ಕ್ರಮ ಈ ಕ್ಷಕಿರಣದ ಅಳತೆಯಿಂದ ಬಂದದ್ದು. ಒಂದು ಅಂತಸ್ತಿನಿಂದ ಮುಂದಿನದಕ್ಕೆ ಹತ್ತು ಪಟ್ಟು. ಚದರ ಮೀಟರಿಗೆ ಒಂದು ವಾಟ್‌ನ ಹತ್ತು ಸಾವಿರದ ಒಂದು ಭಾಗ ಬಂದರೆ ಎಕ್ಸ್ 1. ನೆತ್ತಿಯ ಮೇಲಿನ ಬಿಸಿಲು ಚದರ ಮೀಟರಿಗೆ ಸುಮಾರು ಸಾವಿರ ವಾಟ್. ಅದರ ಮುಂದೆ ಇದೆಷ್ಟು ಅಲ್ಪವೆಂದು ಗಮನಿಸಿರಿ. ಆ ಅಲ್ಪವೇ ರೇಡಿಯೋ ಬಾಯಿ ಮುಚ್ಚಿಸುತ್ತದೆ. 2003ರ ನವೆಂಬರ್ 4ರ ಮಹಾಜ್ವಾಲೆಯ ಹೊತ್ತಿನಲ್ಲಿ ಗೋಸ್ ಉಪಕರಣ ತನ್ನ ಮಿತಿ ಮೀರಿ ಸ್ತಬ್ಧವಾಯಿತು. ಎಕ್ಸ್ 28 ಎಂಬುದು ಆಗ ಮಾಡಿದ ಅಂದಾಜು. ಅಯಾನುಗೋಲದ ಮೇಲಾದ ಪರಿಣಾಮವನ್ನು ಅಳೆದ ನ್ಯೂಜಿಲೆಂಡಿನ ಸಂಶೋಧಕರು ಅದು ಎಕ್ಸ್ 45ರ ಆಸುಪಾಸು ಇದ್ದಿರಬೇಕೆಂದು ಮುಂದೆ ವಾದಿಸಿದರು.

ತಂತ್ರಾಂಶದ ಪ್ರವೇಶ

ದತ್ತಾಂಶ ಇದ್ದರೆ ಸಾಲದು, ಅದನ್ನು ಓದುವ ಸಾಧನ ಬೇಕು. 1991ರಲ್ಲಿ ಹಾರಿದ ಜಪಾನಿನ 'ಯೋಕೋ' ಸೌರ ಉಪಗ್ರಹಕ್ಕಾಗಿ ಬರೆದ ತಂತ್ರಾಂಶಗಳಿಂದ ಬೆಳೆದು 'ಸೋಲಾರ್‌ಸಾಫ್ಟ್' ಎಂಬ ದೊಡ್ಡ ಸಂಗ್ರಹವೊಂದು ರೂಪುಗೊಂಡಿತು. ಅದನ್ನು ರಚಿಸಿದ ವಿಜ್ಞಾನಿಗಳು ಅದನ್ನು ಉದಾರವಾಗಿ ಹಂಚಿದರು. ಆದರೆ ಅದು ಓಡುತ್ತಿದ್ದುದು 'ಐಡಿಎಲ್' ಎಂಬ ಗಣಕಭಾಷೆಯಲ್ಲಿ. ಆ ಭಾಷೆಗೆ ಪರವಾನಗಿ ಕೊಳ್ಳಬೇಕು. ದೊಡ್ಡ ಸಂಸ್ಥೆಗಳಿಗೆ ಅದು ಹೊರೆಯಲ್ಲ. ಜಿಲ್ಲಾಕೇಂದ್ರದ ಕಾಲೇಜಿನ ವಿದ್ಯಾರ್ಥಿಗೆ ಮಾತ್ರ ಊಟ ಪುಕ್ಕಟೆ, ಎಲೆಗೆ ಹಣ ಎಂದಂತೆ.

2011ರಲ್ಲಿ ನಾಸಾದ ಗೊಡ್ಡಾರ್ಡ್ ಕೇಂದ್ರದ ಕೆಲವು ವಿಜ್ಞಾನಿಗಳು ಪೈಥಾನ್ ಭಾಷೆಯಲ್ಲಿ ಸನ್‌ಪೈ ಯೋಜನೆಯನ್ನು ಆರಂಭಿಸಿದರು. ಭಾಷೆಯೂ ಪುಕ್ಕಟೆ, ತಂತ್ರಾಂಶವೂ ಪುಕ್ಕಟೆ. ಅದರ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ನಾನಾ ದೇಶಗಳ ತರುಣರ ದುಡಿಮೆಯಿಂದ ಬೆಳೆದು 2019ರಲ್ಲಿ ಅದು 1.0 ಎಂಬ ಆವೃತ್ತಿಯನ್ನು ಮುಟ್ಟಿತು. ಅದರಲ್ಲಿ ದತ್ತಾಂಶ ಹುಡುಕಿ ತರುವ ಭಾಗಕ್ಕೆ 'ಫೈಡೋ' ಎಂದು ಹೆಸರು. ಪಾಶ್ಚಾತ್ಯರು ಸಾಕುನಾಯಿಗೆ ಇಡುವ ಹೆಸರದು. ಎಸೆದದ್ದನ್ನು ಹುಡುಕಿ ಬಾಯಲ್ಲಿ ಕಚ್ಚಿ ತರುವ ನಾಯಿ! ಬೋಲ್ಡರ್‌ನ ಬಾಹ್ಯಾಕಾಶ ಹವಾ ಮುನ್ಸೂಚನಾ ಕೇಂದ್ರ ಕಳೆದ ಏಳು ದಿನಗಳ ಕ್ಷಕಿರಣದ ಅಳತೆಯನ್ನು ನಿಮಿಷಕ್ಕೊಂದರಂತೆ ಗಣಕ ಓದಬಲ್ಲ ಕಡತವಾಗಿ ಸಾರ್ವಜನಿಕರಿಗೆ ಒದಗಿಸುತ್ತದೆ. ಏಳು ದಿನಕ್ಕೆ 10,080 ನಿಮಿಷಗಳು. ಕೆಲವೇ ಸಾಲುಗಳ ಕ್ರಮವಿಧಿ ಬರೆದರೆ ಸನ್‌ಪೈ ಆ ಕಡತವನ್ನು ರೇಖಾಚಿತ್ರವಾಗಿಸುತ್ತದೆ. ಗುಡ್ಡದ ಸಾಲಿನಂತೆ ಕಾಣುವ ಆ ಚಿತ್ರದಲ್ಲಿ ಒಂದೊಂದು ಚೂಪು ಶಿಖರವೂ ಒಂದೊಂದು ಜ್ವಾಲೆ.

ಪಟ್ಟಿಯನ್ನು ಓದುವ ಬಗೆ

ನಾಯಿ ತಂದುಹಾಕಿದ್ದನ್ನು ನಾವು ಎತ್ತಿ ನೋಡಬೇಕಲ್ಲವೇ? ಮೂರು ಎಚ್ಚರಗಳನ್ನು ಹೇಳುತ್ತೇನೆ.

ಮೊದಲನೆಯದು ಕಾಲ. ಪಟ್ಟಿಯಲ್ಲಿರುವುದು ವಿಶ್ವಮಾನ ವೇಳೆ. ನಮ್ಮ ಗಡಿಯಾರಕ್ಕೆ ತರಲು ಐದೂವರೆ ಗಂಟೆ ಕೂಡಿಸಬೇಕು. ರಾತ್ರಿ 8 ಗಂಟೆಯ ಜ್ವಾಲೆ ನಮಗೆ ಮರುದಿನದ ತಾರೀಖಿಗೆ ಸೇರುತ್ತದೆ.

ಎರಡನೆಯದು 'ಆರಂಭ', 'ಅಂತ್ಯ' ಎಂಬ ಪದಗಳ ಅರ್ಥ. ಸತತ ನಾಲ್ಕು ನಿಮಿಷ ಅಳತೆ ಕಡಿದಾಗಿ ಏರುತ್ತಾ ಹೋದರೆ, ಅದರ ಮೊದಲ ನಿಮಿಷವೇ ಆರಂಭ. ಶಿಖರ ಮುಟ್ಟಿ ಇಳಿಯುತ್ತಾ, ಶಿಖರಕ್ಕೂ ಜ್ವಾಲೆಗೆ ಮುಂಚಿನ ಮಟ್ಟಕ್ಕೂ ನಡುಮಧ್ಯಕ್ಕೆ ಬಂದಾಗ ಅಂತ್ಯ. ಸೂರ್ಯನ ಮೇಲೆ ಆಗ ಜ್ವಾಲೆ ಆರಿಹೋಗಿರುತ್ತದೆಂದು ತಿಳಿಯಬಾರದು. ಎಲ್ಲರೂ ಒಂದೇ ರೀತಿ ಎಣಿಸಲೆಂದು ಮನುಷ್ಯರು ಹಾಕಿಕೊಂಡ ಗೆರೆ ಅದು. ಪರೀಕ್ಷೆಯಲ್ಲಿ ಇಷ್ಟು ಅಂಕಕ್ಕೆ ಉತ್ತೀರ್ಣ ಎಂದಂತೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಅಳತೆಗೋಲು. 2017ರ ಸೆಪ್ಟೆಂಬರ್ 6ರಂದು ಎಕ್ಸ್ 9.3 ಜ್ವಾಲೆಯೂ 2024ರ ಅಕ್ಟೋಬರ್ 3ರಂದು ಎಕ್ಸ್ 9.0 ಜ್ವಾಲೆಯೂ ಎದ್ದವೆಂದು ಆಯಾ ಕಾಲದ ವರದಿಗಳು ಹೇಳುತ್ತವೆ. ಎರಡೂ ಹೆಚ್ಚುಕಡಿಮೆ ಸಮವೆಂದು ಯಾರಿಗಾದರೂ ತೋರುತ್ತದೆ. ವಾಸ್ತವ ಹಾಗಿಲ್ಲ. ಗೋಸ್ 8ನೆಯ ಉಪಗ್ರಹ ಬಂದಾಗ ಅದರ ಅಳತೆ ಹಿಂದಿನ ಉಪಗ್ರಹಗಳ ಅಳತೆಗೆ ತಾಳೆಯಾಗಲಿಲ್ಲ. ಸರಣಿ ಮುರಿಯದಿರಲೆಂದು ಹೊಸ ಅಳತೆಯನ್ನೇ 0.7ರಿಂದ ಗುಣಿಸಿ ಹಳೆಯದಕ್ಕೆ ಹೊಂದಿಸಿದರು. 15ನೆಯ ಗೋಸ್‌ವರೆಗೂ ಇದೇ ನಡೆಯಿತು. ಹೊಸ ಉಪಕರಣಗಳ ಅಳತೆಯೇ ಸರಿಯೆಂದು ಮುಂದೆ ಮನವರಿಕೆಯಾದದ್ದರಿಂದ 16ನೆಯ ಗೋಸ್‌ನಿಂದೀಚೆಗೆ ಆ ಗುಣಕವನ್ನು ಕೈಬಿಟ್ಟರು. 2017ರ ಜ್ವಾಲೆಯ 9.3ನ್ನು 0.7ರಿಂದ ಭಾಗಿಸಿ ನೋಡಿರಿ: 13.3 ಬರುತ್ತದೆ. 2024ರದು 9.0 ಆಗಿಯೇ ಉಳಿಯುತ್ತದೆ. ಸಮವೆಂದು ಕಂಡವುಗಳಲ್ಲಿ ಒಂದು ಇನ್ನೊಂದರ ಸುಮಾರು ಒಂದೂವರೆ ಪಟ್ಟು!

ಮೆಟ್ರಿಕ್ ಪದ್ಧತಿ ಬರುವ ಮುನ್ನ ಸೀಮೆಗೊಂದು ಸೇರು ಇದ್ದುದನ್ನು ಹಿರಿಯರು ಬಲ್ಲರು. ಹತ್ತು ಸೇರು ಅಕ್ಕಿ ಎಂದರೆ ಯಾವ ಊರಿನ ಸೇರು ಎಂದು ಕೇಳದೆ ವ್ಯಾಪಾರ ಕುದುರುತ್ತಿರಲಿಲ್ಲ. ಅಮೆರಿಕದ ದತ್ತಾಂಶ ಭಂಡಾರದವರು ಹಳೆಯ ಉಪಗ್ರಹಗಳ ಅಳತೆಗಳನ್ನು ಹೊಸ ಸೇರಿನಲ್ಲಿ ಮತ್ತೆ ಅಳೆದು ಇಟ್ಟಿದ್ದಾರೆ; ಗುಣಕದ ವಿಷಯವನ್ನು ಬಚ್ಚಿಡದೆ ಬರೆದೂ ಇಟ್ಟಿದ್ದಾರೆ. ಆದರೆ ಹಳೆಯ ಪಟ್ಟಿಗಳು ಪುಸ್ತಕಗಳಲ್ಲಿ, ಸುದ್ದಿಗಳಲ್ಲಿ ಹಾಗೆಯೇ ಉಳಿದಿವೆ. ಎರಡನ್ನೂ ಬೆರೆಸಿ, ಸೂರ್ಯ ಮೊದಲಿಗಿಂತ ಉಗ್ರನಾಗಿದ್ದಾನೆ, ಸೌಮ್ಯನಾಗಿದ್ದಾನೆ ಎಂದು ತೀರ್ಮಾನಿಸುವವರು ಸೂರ್ಯನನ್ನಲ್ಲ, ಸೇರನ್ನು ಅಳೆದಂತಾಗುತ್ತದೆ.

ನಮ್ಮ ಪಾಲು

ಇಷ್ಟು ದಿನ ನಾವು ಹೆಚ್ಚಾಗಿ ಬೇರೆಯವರ ಉಪಗ್ರಹಗಳ ಪಟ್ಟಿಯನ್ನೇ ನೋಡುತ್ತಿದ್ದೆವು. ಈಗ ಕೊಡುವವರ ಸಾಲಿನಲ್ಲಿಯೂ ನಾವಿದ್ದೇವೆ. 2019ರಲ್ಲಿ ಹಾರಿದ ಚಂದ್ರಯಾನ-2ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾಲಯ ನಿರ್ಮಿಸಿದ ಸೌರ ಕ್ಷಕಿರಣಮಾಪಕವಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1, 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆಯನ್ನು ಸೇರಿತು. ಅದರಲ್ಲಿ ಜ್ವಾಲೆಗಳ ಕ್ಷಕಿರಣಗಳನ್ನು ಅಳೆಯುವ 'ಸೋಲೆಕ್ಸ್' ಮತ್ತು 'ಹೀಲಿಯೋಸ್' ಎಂಬ ಎರಡು ಉಪಕರಣಗಳು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದವು. ಅವುಗಳ ದತ್ತಾಂಶ ಬೆಂಗಳೂರಿನ ಸಮೀಪದ ಬ್ಯಾಲಾಳುವಿನ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದಲ್ಲಿ ಶೇಖರವಾಗುತ್ತದೆ. ಅಲ್ಲಿಂದ 'ಪ್ರದಾನ' ಎಂಬ ಜಾಲದ್ವಾರದ ಮೂಲಕ ನೋಂದಾಯಿಸಿಕೊಂಡವರಿಗೆ ದೊರೆಯುತ್ತದೆ. ಎಂಥ ಸಾರ್ಥಕವಾದ ಹೆಸರು! ಪ್ರದಾನವೆಂದರೆ ಕೊಡುವುದು. ಕೊಲಾಬಾದ ಹೊತ್ತಗೆ ಲೋಕಕ್ಕೆ ಒದಗಲು 144 ವರ್ಷ ಬೇಕಾದವು. ಬ್ಯಾಲಾಳುವಿನ ಕಡತಕ್ಕೆ ಅಷ್ಟು ಕಾಯಬೇಕಾಗಿಲ್ಲ.

ನಿಮ್ಮಲ್ಲಿ ತಂತ್ರಾಂಶ ಬರೆಯುವವರಿಗೆ ಹಳೆಯ ಮಾಸ್ತರನದೊಂದು ಮಾತು. ನೀವು ಬರೆಯುವುದು ಸೂರ್ಯನ ಕುರಿತಾಗಿರಲಿ, ಬ್ಯಾಂಕಿನ ಲೆಕ್ಕವಾಗಿರಲಿ, ಆಸ್ಪತ್ರೆಯ ದಾಖಲೆಯಾಗಿರಲಿ, ಅಂಕಿಯೊಡನೆ ಅದರ ಮಾನವನ್ನೂ, ಅಳೆದ ಉಪಕರಣವನ್ನೂ, ತಾರೀಖನ್ನೂ, ನಡುವೆ ಯಾರಾದರೂ ಗುಣಿಸಿ ಭಾಗಿಸಿದ್ದರೆ ಆ ಸಂಗತಿಯನ್ನೂ ಬರೆದಿಡಿ. ಉತ್ತರ ಪತ್ರಿಕೆಯಲ್ಲಿ ಮಾನ ಬರೆಯದವರಿಗೆ ನಾನು ಅರ್ಧ ಅಂಕ ಕಳೆಯುತ್ತಿದ್ದುದನ್ನು ಇಂದಿಗೂ ಕೆಲವರು ಮುನಿಸಿನಿಂದ ನೆನೆಯುತ್ತಾರೆ. ಆ ಅರ್ಧ ಅಂಕದ ತೂಕ ಎಷ್ಟೆಂದು 9.3 ಮತ್ತು 13.3ರ ನಡುವಿನ ಅಂತರ ಹೇಳುತ್ತದೆ.

ಉಳಿದವರು ಬಿಡುವಾದಾಗ ಮನೆಯ ಮಕ್ಕಳನ್ನು ಕೂರಿಸಿಕೊಂಡು ಈ ವಾರದ ಕ್ಷಕಿರಣದ ರೇಖೆಯನ್ನು ತೆರೆದು ನೋಡಿರಿ. ಅತಿ ಎತ್ತರದ ಶಿಖರ ಯಾವುದು, ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮಲ್ಲಿ ಎಷ್ಟು ಹೊತ್ತಾಗಿತ್ತು, ಆಗ ನಿಮ್ಮೂರಿನಲ್ಲಿ ಸೂರ್ಯ ಕಾಣುತ್ತಿದ್ದನೇ ಎಂದು ಅವರಿಂದಲೇ ಲೆಕ್ಕ ಮಾಡಿಸಿರಿ. ಉತ್ತರವನ್ನು ಒಂದು ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಡಲು ಹೇಳಿ. ಒಂದು ವರ್ಷ ತಪ್ಪದೆ ಬರೆದವರು ನನಗೆ ತಂದು ತೋರಿಸಲಿ. ಕೆಂಪು ಶಾಯಿಯ ಪೆನ್ನು ನನ್ನ ಮೇಜಿನ ಮೇಲೆ ಇನ್ನೂ ಇದೆ.